ಅಪ್‌ಡೇಟ್: ನೌಕರರ ಸ್ವಂತ ಫೋನಿನಲ್ಲಿ ಕಚೇರಿ ಇಮೇಲ್

ನೌಕರರು ಸ್ವಂತ ಫೋನಿನಲ್ಲಿ ಕಚೇರಿಯ ಇಮೇಲ್ ಬಳಸಿದರೆ ಮಾಹಿತಿಯನ್ನು ಹೇಗೆ ಕಾಪಾಡಬೇಕು ಎಂದು ಈ ಹಿಂದೆ ಕೇಳಿದ್ದೆ. ನಿಮ್ಮಲ್ಲಿ ಹಲವರು ಸೂಚಿಸಿದಂತೆ, ಇಡೀ ಫೋನನ್ನು ಸಂಸ್ಥೆಯ ಹತೋಟಿಗೆ ತೆಗೆದುಕೊಳ್ಳುವ ಯೋಚನೆ ಕೈಬಿಟ್ಟು, ಆಂಡ್ರಾಯ್ಡ್‌ನ ವರ್ಕ್ ಪ್ರೊಫೈಲ್ (ಫೋನಿನೊಳಗೆ ಕಚೇರಿ ಕೆಲಸಕ್ಕೆಂದೇ ಮೀಸಲಾದ ಪ್ರತ್ಯೇಕ ಭಾಗ) ಅಳವಡಿಸಿದ್ದೇವೆ. ಕಚೇರಿಯ ಆ್ಯಪ್‌ಗಳ ಮೇಲೆ ಪುಟ್ಟ ಬ್ರೀಫ್‌ಕೇಸ್ ಗುರುತು ಕಾಣಿಸುತ್ತದೆ. ಅವುಗಳಲ್ಲಿನ ಕಡತಗಳು ಖಾಸಗಿ ವಾಟ್ಸ್‌ಆ್ಯಪ್‌ಗೆ ಹೋಗದಂತೆ ತಡೆಯಬಹುದು, ಯಾರಾದರೂ ಕೆಲಸ ಬಿಟ್ಟಾಗ ಮನೆಯವರ ಫೋಟೊಗಳನ್ನು ಮುಟ್ಟದೆ ಆ ಭಾಗವನ್ನಷ್ಟೇ ದೂರದಿಂದಲೇ ಅಳಿಸಬಹುದು. ತಾಂತ್ರಿಕ ಕೆಲಸಕ್ಕಿಂತ ಕಷ್ಟವಾದದ್ದು ಸಹೋದ್ಯೋಗಿಗಳ ಅನುಮಾನ ನಿವಾರಣೆ: ಸಂಸ್ಥೆಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ಒಂದೇ ಪುಟದಲ್ಲಿ ಬರೆದು ಕೊಟ್ಟ ಮೇಲಷ್ಟೇ ಅವರು ಒಪ್ಪಿ ಸಹಿ ಹಾಕಿದರು. ಭದ್ರತಾ ಅಪ್‌ಡೇಟ್ ನಿಂತುಹೋದ ಹಳೆಯ ಫೋನುಗಳಿಗೆ ಪ್ರವೇಶ ಕೊಟ್ಟಿಲ್ಲ. ಅಂಥವರಿಗೆ ಸಂಸ್ಥೆಯೇ ಫೋನ್ ಕೊಡಬೇಕೆಂಬ ಪ್ರಸ್ತಾವ ಇನ್ನೂ ಲೆಕ್ಕಪತ್ರ ವಿಭಾಗದಲ್ಲಿದೆ.