ಸೌಂಡ್ ಮೆಷಿನ್ ಆಫ್ ಮಾಡಿದ ಕೂಡಲೇ ಕಿವಿಯ ಕೀಂಯ್ ಸದ್ದು ಜಾಸ್ತಿ ಆಗುತ್ತಿದೆ

ನಿದ್ದೆಯಿಲ್ಲ:
ಹತ್ತು ದಿನದಿಂದ ವೈಟ್ ನಾಯ್ಸ್ ಮೆಷಿನ್ (ಒಂದೇ ಸಮನೆ ‘ಶ್’ ಅನ್ನುವ ಸದ್ದಿನದು) ಹಾಕಿಕೊಂಡು ಮಲಗುತ್ತಿದ್ದೇನೆ. ಓಡುವಷ್ಟು ಹೊತ್ತು ಪರವಾಗಿಲ್ಲ. ಆಫ್ ಮಾಡಿದರೆ ಮೊದಲಿಗಿಂತ ಜೋರು. ಎಲ್ಲ ಸೆಟ್ಟಿಂಗೂ ನೋಡಿಯಾಯ್ತು. ರಾತ್ರಿ ಮೂರು ಗಂಟೆಗೆ ಎದ್ದು ಕೂತು ಕೂತು ಸಾಕಾಗಿದೆ. ಮೆಷಿನ್ನೇ ಸರಿಯಿಲ್ವಾ?

ಹಳೇಮೊರೆತ:
ಲೂಪ್ ಸಮಸ್ಯೆ. ಕೆಲವು ಮೆಷಿನ್‌ಗಳಲ್ಲಿ ಚಿಕ್ಕ ರೆಕಾರ್ಡಿಂಗೇ ತಿರುಗಿ ತಿರುಗಿ ಬರುತ್ತದೆ. ಸೇರುವ ಜಾಗದಲ್ಲಿ ಸಣ್ಣಗೆ ‘ಟಿಕ್’ ಅನ್ನುತ್ತದೆ. ಮನಸ್ಸು ಅದಕ್ಕೇ ಕಾಯುತ್ತಾ ಕೂರುತ್ತದೆ.

ನಿದ್ದೆಯಿಲ್ಲ:
ಕೇಳಿ ನೋಡಿದೆ. ಟಿಕ್ ಇಲ್ಲ.

ಹಳೇಮೊರೆತ:
ಹೆಡ್‌ಫೋನ್ ಹಾಕಿ ಕೇಳಿ. ನನ್ನದರಲ್ಲೂ ಮೊದಲು ಗೊತ್ತಾಗಿರಲಿಲ್ಲ.

ಪಿಂಕ್ನಾಯ್ಸ್:
ಲೂಪ್ ಬಿಡಿ. ವಾಲ್ಯೂಮ್ ಎಷ್ಟಿಟ್ಟಿದ್ದೀರಿ? ಕೀಂಯ್ ಪೂರ್ತಿ ಮುಚ್ಚಿಹೋಗುವಷ್ಟಾ? ಹಾಗಾದರೆ ಅದು ಬರೀ ಮಾಸ್ಕಿಂಗ್. ಆಫ್ ಮಾಡಿದಾಗ ಎದ್ದು ಕೇಳಿಸಿಯೇ ಕೇಳಿಸುತ್ತದೆ. ಟಿಆರ್‌ಟಿಯಲ್ಲಿ (ಕಿವಿಯ ಸದ್ದಿಗೆ ಮನಸ್ಸನ್ನು ಒಗ್ಗಿಸುವ ಚಿಕಿತ್ಸೆ) ಮಿಕ್ಸಿಂಗ್ ಪಾಯಿಂಟ್ ಅಂತ ಹೇಳುತ್ತಾರೆ, ಎರಡು ಸದ್ದೂ ಬೆರೆಯಲು ಶುರುವಾಗುವ ಮಟ್ಟ. ಅದರ ಸ್ವಲ್ಪ ಕೆಳಗಿಡಿ. ಎರಡೂ ಕೇಳಿಸುತ್ತಿದ್ದರೆ ತಾನೇ ಅಭ್ಯಾಸ ಆಗುವುದು? ಅದಕ್ಕೆ 12ರಿಂದ 18 ತಿಂಗಳು ಹಿಡಿಯಬಹುದು. ವೈಟ್ ಬದಲು ಪಿಂಕ್ ನಾಯ್ಸ್ ಹಾಕಿ, ಸ್ವಲ್ಪ ದಪ್ಪ ಸದ್ದು.

ಹಳೇಮೊರೆತ:
ಪಿಂಕ್‌ನಲ್ಲಿ ಮೇಲಿನ ಫ್ರೀಕ್ವೆನ್ಸಿ ಕಡಿಮೆ. ಕೀಂಯ್ ಇರುವುದೇ ಅಲ್ಲಿ. ವೈಟೇ ಬೇಕು.

ಪಿಂಕ್ನಾಯ್ಸ್:
ಆಕ್ಟೇವ್‌ಗೆ, ಅಂದರೆ ಫ್ರೀಕ್ವೆನ್ಸಿ ದುಪ್ಪಟ್ಟಾದಾಗಲೆಲ್ಲ, 3 ಡೆಸಿಬೆಲ್ ಇಳಿಯುತ್ತದೆ, ಅಷ್ಟೇ. ಇಡೀ ರಾತ್ರಿ ಕೇಳಲು ಅದೇ ಹಿತ.

ಮಳೆರಾಗ:
ನನ್ನದು ದಿಂಬಿನೊಳಗಿನ ತೆಳು ಸ್ಪೀಕರ್. ಹಳೇ ಫೋನ್, ಏರೋಪ್ಲೇನ್ ಮೋಡ್, 8 ಗಂಟೆಯ ಮಳೆ ಸದ್ದು. ಮಗ್ಗುಲಾದರೂ ಕಿವಿಗೆ ಒತ್ತುವುದಿಲ್ಲ. ಪಕ್ಕದಲ್ಲಿ ಮಲಗಿದವರಿಗೂ ಕೇಳಿಸುವುದಿಲ್ಲ. ಮೂರು ವರ್ಷದಿಂದ ಬದಲಾಯಿಸಿಲ್ಲ.

ನಿದ್ದೆಯಿಲ್ಲ:
ವಾಲ್ಯೂಮ್ ಇಳಿಸಿದೆ. ಎಡಗಿವಿಯ ಕೀಂಯ್ ಕೇಳಿಸುತ್ತದೆ, ಆದರೆ ಮೆಷಿನ್ ಸದ್ದು ಬಲಗಿವಿಗೆ ಮಾತ್ರ ಬರುತ್ತಿದೆ. ಎಡಗಡೆ ಹತ್ತಿ ತುರುಕಿದ ಹಾಗಿದೆ. ಹನ್ನೊಂದು ದಿನದ ಹಿಂದೆ ಬೆಳಿಗ್ಗೆ ಎದ್ದಾಗಿನಿಂದ ಹೀಗೇ. ಫೋನನ್ನೂ ಬಲಕ್ಕೇ ಹಿಡಿಯುತ್ತಿದ್ದೇನೆ. ಗುಗ್ಗೆ ಕಟ್ಟಿರಬೇಕು ಅಂತ ಸುಮ್ನಿದ್ದೆ.

ಪಿಂಕ್ನಾಯ್ಸ್:
ಮೆಷಿನ್ ಪಕ್ಕಕ್ಕಿಡಿ. ಒಂದೇ ಕಿವಿ ಹೀಗೆ ದಿಢೀರನೆ ಮಂದವಾದರೆ ತುರ್ತು. ಗುಗ್ಗೆಯೂ ಇರಬಹುದು, ಒಳಕಿವಿಯದೂ ಇರಬಹುದು. ಕಿವಿ ನೋಡಿ ಆಡಿಯೋಗ್ರಾಂ (ಎಷ್ಟು ಕೇಳಿಸುತ್ತದೆ ಅನ್ನುವ ಪರೀಕ್ಷೆ) ಮಾಡಿಸದೆ ಗೊತ್ತಾಗುವುದಿಲ್ಲ. ಒಳಕಿವಿಯದಾದರೆ ಸ್ಟೀರಾಯ್ಡ್ ಮೊದಲ ಎರಡು ವಾರದೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು. ನಿಮಗೆ ಉಳಿದಿರುವುದು ಮೂರೇ ದಿನ. ಇವತ್ತೇ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ.

ಹಳೇಮೊರೆತ:
ಹೌದು, ಈಗಲೇ ಹೊರಡಿ. ಯಾವ ಕಿವಿ ಅಂತ ನಾನು ಮೊದಲೇ ಕೇಳಬೇಕಿತ್ತು.

ನಿದ್ದೆಯಿಲ್ಲ:
ಸಂಜೆ ಐದಕ್ಕೆ ಸಮಯ ಸಿಕ್ಕಿದೆ. ಹೊರಟೆ.

ಮಳೆರಾಗ:
ಎರಡು ದಿನ ಆಯ್ತು. ಆಡಿಯೋಗ್ರಾಂನಲ್ಲಿ ಏನು ಬಂತು?