ಕಿಸೆಚಾಕು ಬದಲಿಸಬೇಕಾಗೈತಿ: ದಾಳಿಂಬಿ ತೋಟದ ಕೆಲಸಕ್ಕ ಯಾವುದು ತಾಳ್ತೈತ್ರಿ?

ದಾಳಿಂಬಿ ಬಾಗಲಕೋಟಿ:
ದಿನಾ ಕಿಸೆದಾಗ ಇರೋ ಮಡಚುವ ಚಾಕು ಸಡ್ಲಾಗೈತಿ. ಲೈನರ್ ಲಾಕ್ (ತೆರೆದ ಅಲಗನ್ನ ಒಳಗಿನ ತಗಡಿನ ಪಟ್ಟಿ ತಡೆದು ಹಿಡಿಯೋದು) ಇರೋದು, ಅಲಗು 8 ಸೆಂ.ಮೀ. ತೆರೆದ ಮ್ಯಾಲ ಅಲಗು ಎಡಬಲ ಅಳ್ಳಾಡ್ತೈತಿ. ಕೆಲಸ ಅಂದ್ರ 16 ಮಿ.ಮೀ. ಡ್ರಿಪ್ ಪೈಪ್ ಕೊಯ್ಯೋದು, ಗೊಬ್ಬರ ಚೀಲದ ಹೊಲಿಗಿ ಬಿಚ್ಚೋದು, ಸುತಲಿ, ನಡುವ ಹಣ್ಣು ಹೆಚ್ಚೋದು. ವಿಕ್ಟೋರಿನಾಕ್ಸ್ ಕಂಪನಿದೋ, ಒಪಿನೆಲ್ ಕಂಪನಿಯ 8ನೇ ನಂಬರೋ, ಡಿ2 ಅನ್ನೋ ಜಾತಿ ಉಕ್ಕಿಂದೋ?

ಸಾಣೆಕಲ್ಲು, ಬೆಳಗಾವಿ:
ಅಣ್ಣಾರ, ಮೊದಲ ಹಳೇದರ ಲಾಕ್ ನೋಡ್ರಿ. ಅಲಗು ತೆರೆದಾಗ ಒಳಗಿನ ತಗಡಿನ ಪಟ್ಟಿ ಅಲಗಿನ ಬುಡದ ಅರ್ಧದೊಳಗ ನಿಂತ್ರ ಲಾಕ್ ಗಟ್ಟಿ ಐತಿ, ತಿರುಗೋ ಸ್ಕ್ರೂ ಅಷ್ಟ ಸಡಿಲ. ಬಹಳ ಚಾಕುಗಳಿಗೆ ಟಿ6 ಇಲ್ಲಾ ಟಿ8 ಟಾರ್ಕ್ಸ್ (ನಕ್ಷತ್ರದ ಆಕಾರದ ಮೊನಿ) ಬಿಟ್ ಕೂಡ್ತೈತಿ. ಬಿಚ್ಚಿ, ಮಣ್ಣನ್ನ ಚಿಮಣಿ ಎಣ್ಣಿಯಾಗ ತೊಳೆದು ಒಣಗಿಸಿ, ಹೊಲಿಗಿ ಮಷೀನಿನ ಎಣ್ಣಿ ಒಂದು ಹನಿ ಬಿಡ್ರಿ. ಸ್ಕ್ರೂ ಪೂರ್ತಿ ಬಿಗಿದು, ಅಲಗು ಸರಾಗ ತಿರುಗೋವಷ್ಟು ಸ್ವಲ್ಪ ಸಡಿಲಿಸ್ರಿ. ಮತ್ತ ಮತ್ತ ಸಡ್ಲಾದ್ರ ಸ್ಕ್ರೂವಿನ ಎಳಿಗೆ ಅಷ್ಟ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡ್ಲಾಗದಂಗ ಹಿಡಿಯೋ ಅಂಟು) ಹಚ್ರಿ, ವಾಷರಿಗೆ ತಾಗಬಾರದು.

ಆದ್ರ ಪಟ್ಟಿ ಆ ಕಡಿ ತಗಡಿಗೇ ಹೋಗಿ ತಾಗಿದ್ರ ಲಾಕ್ ಸವೆದೈತಿ. ಸ್ಕ್ರೂ ಬಿಗಿದರೂ ಕೊಯ್ಯುವಾಗ ಬೆರಳ ಮ್ಯಾಲ ಮಡಚಿ ಬೀಳ್ತೈತಿ. ಅದನ್ನ ಬಿಟ್ಟೇ ಬಿಡ್ರಿ.

ಇಂಡಿ ಲಿಂಬಿ:
ಉಕ್ಕಿನ ಕಡೆ ನಿಮ್ಮ ಬೆಳಿ ನೋಡಿ ಹೋಗ್ರಿ. ಒಪಿನೆಲ್ ಎರಡು ಥರ ಬರ್ತದ. ಕಾರ್ಬನ್ ಉಕ್ಕು ದಾಳಿಂಬಿ ಸಿಪ್ಪಿಯ ಒಗರಿಗೆ ಕರ್ರಗಾಗ್ತದ, ಲಿಂಬಿ ರಸ ಒರೆಸದೆ ಮಡಚಿದ್ರ ತುಕ್ಕು ಹಿಡೀತದ. ನಿಮಗ ಸ್ಟೇನ್‌ಲೆಸ್‌ದೇ ಬೇಕು. ಆದ್ರೂ ಕಟ್ಟಿಗಿ ಹಿಡಿಕಿ ನೀರು ಕುಡಿದು ಉಬ್ಬಿ, ಅಲಗು ಒಳಗ ಸಿಕ್ಕೊಳ್ತದ. ತೆರೆಯೋಕೂ ಹಿಡಿಕಿ ತುದಿಯ ಉಂಗುರ ತಿರುಗಿಸಿ ಲಾಕ್ ಮಾಡೋಕೂ ಎರಡೂ ಕೈ ಬೇಕು. ಒಂದು ಕೈಯಾಗ ಪೈಪ್ ಹಿಡಿದವರಿಗೆ ಅದು ತ್ರಾಸ.

ಡಿ2ದಾಗ ತುಕ್ಕು ತಡಿಯೋ ಕ್ರೋಮಿಯಂ ಸುಮಾರು 12% ಇದ್ರೂ ಅದರಾಗ ಸಾಕಷ್ಟು ಪಾಲು ಇಂಗಾಲದ ಜೋಡಿ ಗಟ್ಟಿ ಕಣ ಆಗಿ ಕುಂತಿರ್ತದ, ಹಂಗಾಗಿ ಪೂರ್ತಿ ಸ್ಟೇನ್‌ಲೆಸ್ ಅಲ್ಲ. ಹರಿತ ಬಹಳ ದಿನ ನಿಲ್ತದ, ಖರೆ, ಆದ್ರ ಮೊಂಡಾದ ಮ್ಯಾಲ ಸಾದಾ ಕಲ್ಲಿಗೆ ಜಗ್ಗೂದಿಲ್ಲ.

91 ಮಿ.ಮೀ. (ಮಡಚಿದಾಗಿನ ಉದ್ದ) ವಿಕ್ಟೋರಿನಾಕ್ಸಿಗೆ ಲಾಕ್ ಇಲ್ಲ, ಬೆನ್ನಿನ ಸ್ಪ್ರಿಂಗ್ ಅಷ್ಟೇ. ಎಳೆದು ಕೊಯ್ಯೋಕ ಛಲೋ, ಮೊನೆ ಚುಚ್ಚೋಕ ಬ್ಯಾಡ. ನನ್ನ ಮಾತು ಕೇಳಿದ್ರ ಅದೇ ಕಂಪನಿಯ 111 ಮಿ.ಮೀ.ದ ಲಾಕ್ ಇರೋ ಮಾಡೆಲ್ ತಗೊಳ್ರಿ. ಉಕ್ಕು ಮೆತ್ತಗ, ಸುಮಾರು 56 ಎಚ್‌ಆರ್‌ಸಿ (ಉಕ್ಕಿನ ಗಡಸುತನದ ಅಳತಿ). ಚೀಲದ ಮಣ್ಣಿಗೆ ಬೇಗ ಮೊಂಡಾಗ್ತದ, ಅಷ್ಟೇ ಬೇಗ ಸಾಣಿಗೂ ಬರ್ತದ.

ದಾಳಿಂಬಿ ಬಾಗಲಕೋಟಿ:
ಪಟ್ಟಿ ಆ ಕಡಿಗೇ ತಾಗೈತ್ರಿ, ಹೊಸದೇ ಬೇಕು. ಲಾಕ್ ಇರೋ 111 ತಗೋತೀನಿ. ಸಾಣಿ ಹೆಂಗ ಹಿಡೀಬೇಕು? ಪೇಟ್ಯಾಗ ಇಟ್ಕೊಂಡು ಓಡಾಡಿದ್ರ ತೊಂದ್ರಿ ಐತೇನು?

ಸಾಣೆಕಲ್ಲು, ಬೆಳಗಾವಿ:
1000 ಗ್ರಿಟ್ (ಕಲ್ಲಿನ ನುಣುಪಿನ ಅಳತಿ) ಕಲ್ಲು ಸಾಕು. ಓರಿ 20 ಡಿಗ್ರಿ ಬರಬೇಕಂದ್ರ, 18 ಮಿ.ಮೀ. ಅಗಲದ ಅಲಗಿನ ಬೆನ್ನು ಕಲ್ಲಿನಿಂದ 6 ಮಿ.ಮೀ. ಮ್ಯಾಲ ಇರಬೇಕು. ಒಂದು ಮಗ್ಗಲು ತಿಕ್ಕುತ್ತ ಹೋದ್ರ, ಎದುರು ಮಗ್ಗಲಿನ ಅಂಚಿನಾಗ ಬೆರಳಿಗೆ ತೊಡಕುವ ಸಣ್ಣ ತಂತಿಯಂಥ ಎಳಿ ಏಳ್ತೈತಿ. ಅದು ಬುಡದಿಂದ ಮೊನಿವರೆಗೂ ಎದ್ದ ಮ್ಯಾಲೇ ಮಗ್ಗಲು ಬದಲಿಸ್ರಿ. ಕಡೀಕ ಚರ್ಮದ ಬೆಲ್ಟಿನ ಮ್ಯಾಲ ಬೆನ್ನು ಮುಂದ ಮಾಡಿ ಎಳೀರಿ.

ಆರ್ಮ್ಸ್ ರೂಲ್ಸ್ 2016ರ ಪಟ್ಟಿಯಾಗ ಬರೋದು 9 ಇಂಚಿಗಿಂತ ಉದ್ದ ಇಲ್ಲಾ 2 ಇಂಚಿಗಿಂತ ಅಗಲ ಇರೋ ಅಲಗು. ಮನಿ, ಒಕ್ಕಲುತನದ ಸಾಮಾನು ಅದರ ಹೊರಗ. ಆದ್ರೂ ಜಾತ್ರಿ, ಕೋರ್ಟು, ಸಭೆಗೆ ಒಯ್ಯಬ್ಯಾಡ್ರಿ. ಸಾಂಬ್ರಾದಾಗ ವಿಮಾನ ಹತ್ತುವಾಗ ಕೈಚೀಲದಾಗ ಬಿಡೂದಿಲ್ಲ, ಚೆಕ್-ಇನ್ ಬ್ಯಾಗಿಗೆ ಹಾಕ್ರಿ.

ಇಂಡಿ ಲಿಂಬಿ:
ಇನ್ನೊಂದು, ಡ್ರಿಪ್ ಪೈಪಿಗೆ ಚಾಕು ಹಚ್ಚಬ್ಯಾಡ್ರಿ. ಕೊಯ್ತ ಓರಿ ಆಗ್ತದ, ಜಾಯಿನರಿನ ಹಲ್ಲಿನ ಮ್ಯಾಲ ಪೈಪ್ ಪೂರ್ತಿ ಕೂಡೂದಿಲ್ಲ, ನೀರು ಸೋರ್ತದ. ಅದಕ್ಕ ಪೈಪ್ ಕಟರ್ ಬ್ಯಾರೇನೇ ಇಡ್ರಿ.