ಕೈಗಾದಲ್ಲಿ ಟೆಕ್ನಿಶಿಯನ್ ಸಂಬಳ: ಕೈಗೆಷ್ಟು ಬರುತ್ತೆ, ಮಲ್ಲಾಪುರ–ಕಾರವಾರದಲ್ಲಿ ಖರ್ಚೆಷ್ಟು?

ಫಿಟ್ಟರ್_ಅಣ್ಣ:
ನಮಸ್ಕಾರ. ತಮ್ಮ ಐಟಿಐ ಫಿಟ್ಟರ್ ಎರಡು ವರ್ಷದ ಕೋರ್ಸ್ ಮುಗಿಸಿದ್ದಾನೆ. ಎನ್‌ಪಿಸಿಐಎಲ್‌ನ (ಕೇಂದ್ರದ ಅಣುವಿದ್ಯುತ್ ನಿಗಮ) ಸ್ಟೈಪೆಂಡರಿ ಟ್ರೈನಿ (ಸ್ಟೈಪೆಂಡ್ ಕೊಟ್ಟು ತರಬೇತಿ) ಕೆಟಗರಿ-2ಕ್ಕೆ ಅರ್ಜಿ ಹಾಕೋದು, ಸಿಕ್ಕರೆ ಕೈಗಾ ಅಣುಸ್ಥಾವರ ಅಂತ ಯೋಚನೆ. ಜಾಹೀರಾತಲ್ಲಿ 21,700 ಅಂತಿದೆ, ಯೂಟ್ಯೂಬಲ್ಲಿ 45 ಸಾವಿರ ಅಂತಾರೆ. ನಿಜಕ್ಕೂ ಕೈಗೆಷ್ಟು ಬರುತ್ತೆ? ಕ್ವಾರ್ಟರ್ಸ್‌ನಲ್ಲಿ ಇರೋದು ಒಳ್ಳೇದೋ, ಕಾರವಾರದಲ್ಲಿ ಮನೆ ಮಾಡೋದೋ? ಗೊತ್ತಿರೋರು ಲೆಕ್ಕ ಸಮೇತ ಹೇಳಿ.

ಕಾಳಿ_ದಂಡೆ:
21,700 ಅನ್ನೋದು ಮೂಲ ವೇತನ, ವೇತನ ಶ್ರೇಣಿಯ ಲೆವೆಲ್ 3. ಅದು ಶುರುವಾಗೋದು ತರಬೇತಿ ಮುಗಿಸಿ ಟೆಕ್ನಿಶಿಯನ್/ಬಿ ಆದಮೇಲೆ. ಮೊದಲ ಎರಡು ವರ್ಷ ಬರೀ ಸ್ಟೈಪೆಂಡ್: ತಿಂಗಳಿಗೆ 20,000, ಎರಡನೇ ವರ್ಷ 22,000. ಇದರ ಮೇಲೆ ಡಿಎ (ತುಟ್ಟಿಭತ್ಯೆ), ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಲೆಕ್ಕ ಬರಲ್ಲ. ಎಡವೋದು ಇಲ್ಲೇ. ಆಯ್ಕೆಪಟ್ಟಿಯಲ್ಲಿ ಹೆಸರು ಬಂದ ತಿಂಗಳೇ ಪೂರ್ತಿ ಸಂಬಳದ ಲೆಕ್ಕದಲ್ಲಿ ಬೈಕ್ ಸಾಲ ಮಾಡಿದರೆ ಎರಡು ವರ್ಷ ಕಂತು ಕಟ್ಟೋದರಲ್ಲೇ ಸುಸ್ತಾಗುತ್ತೆ.

ಈಗ ಟೆಕ್ನಿಶಿಯನ್/ಬಿ ಲೆಕ್ಕ. 2025ರ ಜುಲೈನಿಂದ ಅನ್ವಯವಾದ 58% ಡಿಎ ಹಿಡಿದಿದ್ದೀನಿ, ದರ ಬದಲಾದರೆ ನೀವೇ ತಿದ್ದಿಕೊಳ್ಳಿ:

ಮೂಲ ವೇತನ 21,700
ಡಿಎ 12,586
ಎಚ್‌ಆರ್‌ಎ 10% = 2,170 (ಊರಿನ ಜನಸಂಖ್ಯೆ ನೋಡಿ ಎಕ್ಸ್, ವೈ, ಝಡ್ ಅಂತ ವರ್ಗ ಮಾಡಿದ್ದಾರೆ; ಈ ಕಡೆಯೆಲ್ಲ ಝಡ್)
ಟ್ರಾನ್ಸ್‌ಪೋರ್ಟ್ ಅಲೊವೆನ್ಸ್ 1,800 + ಅದರ ಡಿಎ = 2,844
ಒಟ್ಟು 39,300

ಯೂಟ್ಯೂಬಿನ 45 ಸಾವಿರ ಮುಂಬೈ ದರ ಇರಬೇಕು. ಅದೇ ಲೆವೆಲ್ 3ಕ್ಕೆ ಅಲ್ಲಿ ಎಚ್‌ಆರ್‌ಎ 30% ಅಂದ್ರೆ 6,510, ಟ್ರಾನ್ಸ್‌ಪೋರ್ಟ್ 5,688. ಒಟ್ಟು 46,484. ಮೈಸೂರು ವೈ ವರ್ಗ, ಎಚ್‌ಆರ್‌ಎ 20%, ಒಟ್ಟು 41,470. ಕೈಗಾಕ್ಕೂ ಮುಂಬೈಗೂ ವ್ಯತ್ಯಾಸ 7,184 ರೂಪಾಯಿ. ಅಷ್ಟು ದುಡ್ಡಿಗೆ ಮುಂಬೈಯಲ್ಲಿ ಸಂಸಾರಕ್ಕೆ ಬಾಡಿಗೆ ಮನೆ ಹುಡುಕಿ ನೋಡಿ, ಗೊತ್ತಾಗುತ್ತೆ.

ಕಡಿತ: ಪಿಎಫ್‌ಗೆ ಮೂಲ ವೇತನ ಮತ್ತು ಡಿಎ ಸೇರಿಸಿ ಅದರ 12% ಅಂತ ಇಟ್ಕೊಳ್ಳಿ, 4,114. ವೃತ್ತಿ ತೆರಿಗೆ 200. ಇಷ್ಟು ಕಳೆದರೆ 34,986.

ವರ್ಷಕ್ಕೆ ಇನ್‌ಕ್ರಿಮೆಂಟ್ ಸುಮಾರು 3%: 22,400, 23,100 ಹೀಗೆ. ಬಡ್ತಿಯಲ್ಲಿ ಟೆಕ್ನಿಶಿಯನ್/ಸಿ ಆದರೆ 25,500ರ ಲೆವೆಲ್, ಡಿ ಆದರೆ 29,200ರದ್ದು. ಬಡ್ತಿಗೆ ಖಾಲಿ ಹುದ್ದೆ ಕಾಯಬೇಕಿಲ್ಲ, ಅರ್ಹತೆ ನೋಡಿ ಕೊಡ್ತಾರೆ. ಹಾಗಂತ ಇಂಥ ವರ್ಷವೇ ಸಿಗುತ್ತೆ ಅಂತ ನಂಬಿ ಸಾಲ ಮಾಡಬೇಡಿ.

ಮಲ್ಲಾಪುರ_ಸಂತೆ:
ಮೇಲಿನ ಲೆಕ್ಕ ಸರಿ. ಆದರೆ 39,300 ನೋಡಿ ತೀರ್ಮಾನ ಮಾಡಬೇಡಿ ಅಂತ ಒತ್ತಿ ಹೇಳ್ತೀನಿ. ಇಲ್ಲಿ ಸಂಬಳದ ದೊಡ್ಡ ಪಾಲು ಚೀಟಿಯಲ್ಲಿ ಕಾಣಲ್ಲ. ಮಲ್ಲಾಪುರದ ಟೌನ್‌ಶಿಪ್‌ನಲ್ಲಿ ಕ್ವಾರ್ಟರ್ಸ್, ಆಸ್ಪತ್ರೆ, ಮಕ್ಕಳಿಗೆ ಅಟಾಮಿಕ್ ಎನರ್ಜಿ ಸೆಂಟ್ರಲ್ ಸ್ಕೂಲ್, ಸ್ಥಾವರಕ್ಕೆ ಕಂಪನಿ ಬಸ್ಸು, ಎಲ್ಲ ಇದೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕ್ವಾರ್ಟರ್ಸ್ ತಗೊಂಡರೆ ಎಚ್‌ಆರ್‌ಎ ಹೋಗುತ್ತೆ. ಬಸ್ಸಲ್ಲಿ ಹೋಗ್ತಾನೆ ಅಂತ ಟ್ರಾನ್ಸ್‌ಪೋರ್ಟ್ ಕೂಡ ಬಿಟ್ಟೇ ಲೆಕ್ಕ ಹಾಕಿ. ಮೂಲ ವೇತನ, ಡಿಎ ಸೇರಿದ 34,286ರಲ್ಲಿ ಪಿಎಫ್, ವೃತ್ತಿ ತೆರಿಗೆಯ 4,314 ಕಳೆದರೆ 29,972. ಇದರಲ್ಲಿ ಕ್ವಾರ್ಟರ್ಸ್‌ನ ಲೈಸೆನ್ಸ್ ಫೀ ಹೋಗುತ್ತೆ, ಬಾಡಿಗೆ ಮುಂದೆ ಅದು ಏನೂ ಅಲ್ಲ.

ಕಾರವಾರದಲ್ಲಿ ಮನೆ ಮಾಡಿದರೆ 34,986 ಬರುತ್ತೆ. ಬಾಡಿಗೆ 7,000 ಅಂತಿಟ್ಕೊಳ್ಳಿ. ಕಾರವಾರದಿಂದ ಕೈಗಾ 50 ಕಿ.ಮೀ. ಮೇಲೆ. ಮಲ್ಲಾಪುರದ ತನಕ ಬೈಕಲ್ಲಿ ಬಂದು ಬಸ್ ಹತ್ತಿದರೂ ದಿನಕ್ಕೆ ಹೋಗಿಬರೋದು 80 ಕಿ.ಮೀ. ಹಿಡೀರಿ. 26 ದಿನಕ್ಕೆ 2,080 ಕಿ.ಮೀ., ಲೀಟರಿಗೆ 50 ಕೊಟ್ಟರೆ 41.6 ಲೀಟರ್, 103ರ ದರದಲ್ಲಿ 4,285 ರೂಪಾಯಿ. ಉಳಿಯೋದು 23,701. ಟೈರು, ಸರ್ವಿಸ್ ಇನ್ನೂ ಸೇರಿಸಿಲ್ಲ. ಅಂದ್ರೆ ಚೀಟಿಯಲ್ಲಿ ಐದು ಸಾವಿರ ಜಾಸ್ತಿ ಕಂಡರೂ ತಿಂಗಳ ಕೊನೆಗೆ ಆರು ಸಾವಿರ ಕಡಿಮೆ. ಮಳೆಗಾಲದಲ್ಲಿ ರಾತ್ರಿ ಪಾಳಿ ಮುಗಿಸಿ ಕಾಡು ರಸ್ತೆಯಲ್ಲಿ ಅಷ್ಟು ದೂರ ಬೈಕ್ ಓಡಿಸೋದು ಬೇರೆ. ಹೆಂಡತಿಗೆ ಕಾರವಾರದಲ್ಲಿ ಕೆಲಸ ಇದ್ದರೆ ಮಾತ್ರ ಕಾರವಾರ, ಇಲ್ಲದಿದ್ದರೆ ಟೌನ್‌ಶಿಪ್ಪೇ.

ಹೊರಗೇ ಮನೆ ಹುಡುಕೋದಾದರೆ ಎರಡು ಸಂಗತಿ ನೋಡಿಕೊಳ್ಳಿ. ಕದ್ರಾ, ಮಲ್ಲಾಪುರ ಕಡೆ ಹೊಳೆ ಪಕ್ಕದ ನೆಲಮಹಡಿ ಅಥವಾ ತಗ್ಗಿನ ಮನೆ ಬೇಡ. 2019ರ ಆಗಸ್ಟಲ್ಲೂ 2021ರ ಜುಲೈಯಲ್ಲೂ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕೆಳಗಿನ ಊರುಗಳ ಮನೆಗಳಿಗೆ ನೀರು ನುಗ್ಗಿದೆ. ಬಾಡಿಗೆ ಕಡಿಮೆ ಹೇಳಿದರೆ ಗೋಡೆ ಮೇಲೆ ನೀರಿನ ಗೆರೆ ಇದೆಯಾ ನೋಡಿ, ಅಕ್ಕಪಕ್ಕದವರನ್ನ ಕೇಳಿ. ಇನ್ನೊಂದು ಗೃಹಜ್ಯೋತಿ. 200 ಯೂನಿಟ್ ಪೂರ್ತಿ ಉಚಿತ ಅಂದ್ಕೊಂಡಿರ್ತಾರೆ. ಆ ಮೀಟರಿನ ಹಿಂದಿನ ಸರಾಸರಿ ಬಳಕೆಗೆ 10% (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದರೆ 10 ಯೂನಿಟ್) ಸೇರಿಸಿದಷ್ಟೇ ಉಚಿತ. ಹಳೇ ಬಳಕೆಯ ದಾಖಲೆ ಇಲ್ಲದ ಹೊಸ ಮನೆಗೆ 58 ಯೂನಿಟ್. ಹಳೇ ಬಾಡಿಗೆದಾರರ ಆಧಾರ್ ಆ ಮೀಟರಿಗೆ ಜೋಡಿಸಿದ್ದು ಹಾಗೇ ಇದ್ದರೆ ನಿಮ್ಮ ಹೆಸರಿಗೆ ನೋಂದಣಿ ಆಗಲ್ಲ, ಅಡ್ವಾನ್ಸ್ ಕೊಡೋ ಮುಂಚೆ ಅದನ್ನ ತೆಗೆಸಿಕೊಳ್ಳಿ.

ಊಟದ ಖರ್ಚು ಮೀನು ತಿನ್ನೋ ಮನೆಯಾದರೆ ಹಿಡಿತದಲ್ಲಿರುತ್ತೆ, ಬಂಗಡೆ, ತಾರ್ಲೆ ಸುಗ್ಗಿಯಲ್ಲಿ ಅಗ್ಗ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗೆ ನಿಷೇಧ, ಆಗ ದರ ಏರುತ್ತೆ. ಒಣಮೀನು ಮೇ ತಿಂಗಳಲ್ಲೇ ತುಂಬಿಸಿಡಿ. ತರಕಾರಿ, ದಿನಸಿ ಘಟ್ಟದ ಮೇಲಿಂದ ಇಳಿದು ಬರೋದು, ಹುಬ್ಬಳ್ಳಿ ದರಕ್ಕೆ ಹೋಲಿಸಬೇಡಿ. ದೊಡ್ಡ ಕಾಯಿಲೆ ಬಂದರೆ ಇಲ್ಲಿಯವರು ಗೋವಾ, ಮಣಿಪಾಲ ಅಥವಾ ಹುಬ್ಬಳ್ಳಿಗೇ ಹೋಗೋದು, ಅದಕ್ಕೆ ಒಂದಿಷ್ಟು ದುಡ್ಡು ಬೇರೆ ಇಟ್ಟಿರಬೇಕು.

ಫಿಟ್ಟರ್_ಅಣ್ಣ:
ತುಂಬಾ ಉಪಕಾರ ಆಯ್ತು. ಇನ್ನೊಂದು ಪ್ರಶ್ನೆ. ಪರೀಕ್ಷೆ ಆಗೋ ತನಕ ಶಟ್‌ಡೌನ್ ಕೆಲಸಕ್ಕೆ (ಸ್ಥಾವರ ನಿಲ್ಲಿಸಿ ಮಾಡೋ ದುರಸ್ತಿ) ಗುತ್ತಿಗೆದಾರರ ಕೈಕೆಳಗೆ ಸೇರಿಕೊ, ರೇಡಿಯೇಶನ್‌ಗೆ ಬೇರೆ ದುಡ್ಡು ಕೊಡ್ತಾರೆ ಅಂತ ಯಾರೋ ಹೇಳಿದ್ದಾರೆ. ಸೇರಬಹುದಾ?

ಬ್ಯಾಡ್ಜ್_ನಂಬರ್:
ಸೇರಬಹುದು, ಆದರೆ ಇದನ್ನೇ ಕಾಯಂ ಕೆಲಸದ ಮೆಟ್ಟಿಲು ಅಂದ್ಕೊಬೇಡಿ. ಕಾಯಂ ಆಗೋ ದಾರಿ ಪರೀಕ್ಷೆಯೇ.

ಡೋಸ್‌ಗೆ (ಮೈಗೆ ತಾಗೋ ವಿಕಿರಣಕ್ಕೆ) ದುಡ್ಡು ಅನ್ನೋ ಮಾತು ಹೇಳಿದವರ ಹತ್ತಿರ ಹುಷಾರಾಗಿರಿ. ಡೋಸ್ ಮಾರೋ ಸರಕಲ್ಲ. ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಮಿತಿ ಐದು ವರ್ಷದಲ್ಲಿ ಒಟ್ಟು 100 ಮಿಲಿಸೀವರ್ಟ್, ಅಂದ್ರೆ ವರ್ಷಕ್ಕೆ ಸರಾಸರಿ 20, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಇದು ಗರಿಷ್ಠ ಮಿತಿ, ಇದಕ್ಕಿಂತ ಎಷ್ಟು ಕಡಿಮೆ ಆಗುತ್ತೋ ಅಷ್ಟು ಕಡಿಮೆ ಇರಬೇಕು. ಟಿಎಲ್‌ಡಿ ಬ್ಯಾಡ್ಜ್ (ಡೋಸ್ ಅಳೆಯೋ ಬಿಲ್ಲೆ) ತೆಗೆದಿಟ್ಟು ಒಳಗೆ ಹೋಗು ಅಂತ ಯಾರೇ ಹೇಳಿದರೂ ಹೋಗಬಾರದು. ಆವತ್ತಿನ ಡೋಸ್ ದಾಖಲೆಯೇ ಇರಲ್ಲ, ಮುಂದೆ ಏನಾದರೂ ಆದರೆ ಹೇಳಿಕೊಳ್ಳೋಕೆ ಆಧಾರ ಇರಲ್ಲ. ಕೆಲಸ ಬಿಡುವಾಗ ಒಟ್ಟು ಡೋಸ್ ಎಷ್ಟು ಅಂತ ಬರಹದಲ್ಲಿ ಕೇಳಿ ತಗೊಳ್ಳಿ. ಮುಂದೆ ಬೇರೆ ಸ್ಥಾವರಕ್ಕೆ ಹೋದರೂ ಆ ಲೆಕ್ಕ ಬೇಕು.

ದುಡ್ಡಿನ ವಿಷಯ. ಕೂಲಿ ದಿನದ ಲೆಕ್ಕ. ಫಿಟ್ಟರ್ ಅಂದ್ರೆ ಕುಶಲ ವರ್ಗ, ಆದರೆ ಹಾಜರಿ ಪುಸ್ತಕದಲ್ಲಿ ಅರೆಕುಶಲ ಅಂತ ಬರೆದುಬಿಟ್ಟರೆ ದಿನದ ಕೂಲಿಯೇ ಇಳಿಯುತ್ತೆ. ಸೇರುವಾಗ ಐಟಿಐ ಪ್ರಮಾಣಪತ್ರದ ಪ್ರತಿ ಕೊಟ್ಟು, ನೇಮಕದ ಚೀಟಿಯಲ್ಲಿ ‘ಕುಶಲ’ ಅಂತ ಬರೆಸಿಕೊಳ್ಳಿ. ಪಿಎಫ್‌ಗೆ ಅವನ ಕೈಯಿಂದ 12% ಕಡಿತವಾದರೆ ಮಾಲೀಕರೂ 12% ಕಟ್ಟಬೇಕು. ತಿಂಗಳ ಕೂಲಿ 21,000ದೊಳಗಿದ್ದು ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಹಿಡಿದರೆ ಕಾರ್ಮಿಕನ ಪಾಲು 0.75%, ಮಾಲೀಕರದ್ದು 3.25%. ಎರಡೂ ಪಾಲನ್ನ ಕಾರ್ಮಿಕನ ಕೂಲಿಯಿಂದಲೇ ಹಿಡಿಯೋದು ತಪ್ಪು, ಚೀಟಿಯಲ್ಲಿ ಅದನ್ನ ಮೊದಲು ನೋಡಿ. ಯುಎಎನ್ (ಪಿಎಫ್‌ನ ಕಾಯಂ ಸಂಖ್ಯೆ) ಆಕ್ಟಿವೇಟ್ ಮಾಡಿಸಿ, ಎರಡನೇ ತಿಂಗಳ 20ನೇ ತಾರೀಕಿಗೆ ಪಾಸ್‌ಬುಕ್ ತೆರೆದು ನೋಡಿ. ಹಿಂದಿನ ತಿಂಗಳ ಹಣ 15ರೊಳಗೆ ಕಟ್ಟಿರಬೇಕು. ಕಾಣದಿದ್ದರೆ ಶಟ್‌ಡೌನ್ ಮುಗಿಯೋ ಮೊದಲೇ ಬರಹದಲ್ಲಿ ಕೇಳಿ, ಮುಗಿದ ಮೇಲೆ ಗುತ್ತಿಗೆದಾರರು ಬೇರೆ ಊರಲ್ಲಿರ್ತಾರೆ.

ಇನ್ನು ಪರೀಕ್ಷೆ. ಕೆಟಗರಿ-2ಕ್ಕೆ ವಯಸ್ಸು 18ರಿಂದ 24, ಮೀಸಲಾತಿ ಇದ್ದವರಿಗೆ ಸಡಿಲಿಕೆ ಉಂಟು. ಎತ್ತರ ಕನಿಷ್ಠ 160 ಸೆಂ.ಮೀ., ತೂಕ 45.5 ಕೆ.ಜಿ. ತೂಕ ಕಡಿಮೆ ಇದ್ದರೆ ಈಗಿಂದಲೇ ಊಟ ಸರಿಮಾಡಿಸಿ. ಕೊನೆಯ ಹಂತದ ಕೌಶಲ ಪರೀಕ್ಷೆಯಲ್ಲಿ ಪಾಸು ಇಲ್ಲವೇ ಫೇಲು, ಅಂಕ ಇಲ್ಲ. ಶಟ್‌ಡೌನ್ ಕೆಲಸಕ್ಕೆ ಹೋದರೂ ಹೋಗದಿದ್ದರೂ ವರ್ನಿಯರ್ ಓದೋದು, ಫೈಲಿಂಗ್ ಮಾಡಿ ಚಚ್ಚೌಕ ಕೂರಿಸೋದು ಕೈ ತಪ್ಪದ ಹಾಗೆ ನೋಡ್ಕೊಳ್ಳಿ.